ಉಡಿ ತುಂಬಿಸಿಕೊಂಡ ಟಾಕಿ

ಓದುವ ಅಣ್ಣ-ತಮ್ಮಂದಿರಿಗೆ, ಅಕ್ಕ-ತಂಗಿಯರಿಗೆ ನನ್ನ ಶರಣು. ನಾನು ಸಣ್ಣವನಿದ್ದಾಗ ಸಾಲೆ ಬಿಟ್ಟು, ಮದುವೆಯಾಗಿ ಮಕ್ಕಳಾದ ಮೇಲೆ ಮತ್ತೆ ಸಾಲೆ ಹಿಡಿದವನು. ಹತ್ತನೇ ಇಯತ್ತೆ ಪರೀಕ್ಷೆಗೆ ಹೋದಾಗ ಬಾಗಿಲಲ್ಲಿದ್ದ ಮಾಸ್ತರರು ನನ್ನನ್ನು ಯಾವುದೋ ಹುಡುಗನ ಪಾಲಕ ಅಂತ ತಿಳಿದು ಹೊರಗೆ ನಿಲ್ಲಿಸಿದ್ದರು. ಈಗ ಒಂದೇ ಬೆರಳಿನಲ್ಲಿ ಮೊಬೈಲಿನ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಅಕ್ಷರ ಹೆಚ್ಚುಕಡಿಮೆ ಆಗಿದ್ದರೆ ಹೊಟ್ಟೆಯಲ್ಲಿ ಹಾಕಿಕೊಳ್ಳಿ. ಸಂಗತಿ ಮಾತ್ರ ಹೆಚ್ಚುಕಡಿಮೆ ಆಗಿಲ್ಲ. ಯಾಕೆಂದರೆ ಇದರಲ್ಲಿ ಬರುವ ನೀರನ್ನೆಲ್ಲ ಬಿಟ್ಟವನು ನಾನೇ.

ನಾನು ಒಂದು ಸರ್ಕಾರಿ ಬೆಳೆ ಸಂಶೋಧನಾ ಕೇಂದ್ರದಲ್ಲಿ ಪಂಪ್ ಆಪರೇಟರ್. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನೊಳಗೆ ಎಲ್ಲಿ ಅಂತ ಕೇಳಬೇಡಿ. ನನ್ನ ಅನ್ನ ಇನ್ನೂ ಅಲ್ಲಿಯೇ ಇದೆ. ಕಬ್ಬು, ದ್ರಾಕ್ಷಿ, ಸೋಯಾಬೀನಿಗೆ ಯಾವ ಹುಳ ಬಿದ್ದರೆ ಯಾವ ಔಷಧ, ಎಷ್ಟು ಹೊಡೆಯಬೇಕು ಅಂತ ಪರೀಕ್ಷೆ ಮಾಡುವುದು ನಮ್ಮ ಕೇಂದ್ರದ ಕೆಲಸ. ಔಷಧ ಹೊಡೆದ ಪಂಪುಗಳನ್ನು ಕೂಲಿಯ ಹೆಣ್ಣುಮಕ್ಕಳು ಒಂದು ಸಿಮೆಂಟಿನ ಕಟ್ಟೆಯ ಮೇಲೆ ತೊಳೆಯುತ್ತಿದ್ದರು. ಪ್ರಯೋಗಾಲಯದ ಬಾಟಲಿಗಳನ್ನು ತೊಳೆದ ನೀರೂ ಅಲ್ಲಿಗೇ ಬರುತ್ತಿತ್ತು. ಎಲ್ಲ ಸೇರಿ ಒಂದು ಗಟಾರದಲ್ಲಿ ಹರಿದು, ಕಂಪೌಂಡಿನ ಗೋಡೆಗೆ ಇದ್ದ ತೂತಿನಿಂದ ಹೊರಬಿದ್ದು, ಹಳ್ಳ ಸೇರುತ್ತಿತ್ತು.

ಹಾಗಂತ ನಮ್ಮಲ್ಲಿ ಪರಿಸರದ ಕಾನೂನು ಪಾಲಿಸುತ್ತಿರಲಿಲ್ಲ ಅಂತ ತಿಳಿಯಬೇಡಿ. ಗೋಡೆಯ ಮೇಲೆ ಪೂರ್ತಿ ಪಾಲಿಸುತ್ತಿದ್ದರು. ವರಾಂಡಾದ ಉದ್ದಕ್ಕೂ ಫಲಕಗಳು. ಅಪಾಯಕಾರಿ ಕಸ ಹಾಕಲು ಕೆಂಪು, ಹಳದಿ, ನೀಲಿ ಬಕೆಟ್ಟುಗಳೂ ಬಂದಿದ್ದವು. ಎಷ್ಟು ಚಂದ ಇದ್ದವೆಂದರೆ ಅವುಗಳಲ್ಲಿ ಕಸ ಹಾಕಲು ಯಾರಿಗೂ ಮನಸ್ಸಾಗಲಿಲ್ಲ. ಸ್ಟೋರಿನಲ್ಲಿ ಬೀಗ ಹಾಕಿ ಇಟ್ಟು, ಗಣಪತಿ ಹಬ್ಬದ ಪ್ರಸಾದಕ್ಕೆ ಹೊರಗೆ ತೆಗೆಯುತ್ತಿದ್ದರು. ಹಳದಿಯಲ್ಲಿ ಅನ್ನ, ಕೆಂಪಿನಲ್ಲಿ ಸಾರು, ನೀಲಿಯಲ್ಲಿ ಮಜ್ಜಿಗೆ.

ನಮ್ಮ ಕಂಪೌಂಡಿನ ಕೆಳಗಿನ ಹೊಲ ಒಬ್ಬ ಜೈನ ಹೆಣ್ಣುಮಗಳದು. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಕಟ್ಟಿಕೊಂಡು ಕಬ್ಬು ಮಾಡಿಸುತ್ತಿದ್ದರು. ಸುತ್ತ ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಅಂತಲೇ ಕರೆಯುವುದು. ಹಳ್ಳದ ದಂಡೆಗೇ ಅವರ ಬಾವಿ. ನೀರು ಸೇದಿದರೆ ದಪ್ಪ ಬಿಳಿ ಅರಿವೆಯಲ್ಲಿ ಸೋಸಿ, ಅರಿವೆಯಲ್ಲಿ ಉಳಿದ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ತಿರುವಿ, ಮೇಲೆ ನೀರು ಹಾಕಿ, ಅದೇ ಬಾವಿಗೆ ಹಿಂದಕ್ಕೆ ಬಿಡುತ್ತಿದ್ದರು. ಅದು ಅವರ ಮನೆತನದ ಪದ್ಧತಿ. ಹಳ್ಳಕ್ಕೆ ನಮ್ಮ ನೀರು ಜಾಸ್ತಿ ಆದಂತೆ ಬಾವಿಯೂ ವಾಸನೆ ಹಿಡಿಯಿತು. ಮನೆಗೆ ಕುಡಿಯಲು ಊರ ನಲ್ಲಿಯಿಂದ ಹೊತ್ತು ತಂದರು. ಆದರೆ ಎಮ್ಮೆಗೆ ಎಷ್ಟು ಅಂತ ಹೊರುವುದು? ಎಮ್ಮೆ ಹಳ್ಳಕ್ಕೇ ಬಾಯಿ ಹಾಕುತ್ತಿತ್ತು. ಹಾಲಿನ ಸಂಘದವರು ಮುಚ್ಚಳ ತೆಗೆದು, ಮೂಸಿ, ಕ್ಯಾನನ್ನು ಹಾಗೇ ಹಿಂದಕ್ಕೆ ಕೊಡತೊಡಗಿದರು. ಕಾಕು ದಿನಾ ನಮ್ಮ ಗೇಟಿಗೆ ಬಂದು ಕೇಳುತ್ತಿದ್ದುದು ಒಂದೇ ಮಾತು: ಆ ತೂತು ಮುಚ್ಚಿರಿ.

ಒಮ್ಮೆ ಕೇಂದ್ರದಲ್ಲಿ ರೈತರಿಗೆ ಶಿಬಿರ ಇತ್ತು. ಬೋರಗಾಂವ, ಬೇಡಕಿಹಾಳ, ಐನಾಪುರದ ಕಡೆಯಿಂದೆಲ್ಲ ಗಾಡಿ ಮಾಡಿಸಿ ಕರೆತಂದಿದ್ದರು. ಪಕ್ಕದ ಹೊಲದವರಾದ್ದರಿಂದ ಕಾಕುಗೆ ಗಾಡಿ ಬೇಕಾಗಲಿಲ್ಲ, ನಡೆದುಕೊಂಡೇ ಬಂದು ಮುಂದೆ ಕೂತರು. ನಮ್ಮ ದೊಡ್ಡ ಸಾಹೇಬರು ಗೋಡೆಯ ಮೇಲೆ ಬಣ್ಣದ ಚಿತ್ರ ಬಿಟ್ಟರು. ಅವರು ದಾವಣಗೆರೆ ಕಡೆಯವರು, ಮಾತು ಬಹಳ ಮೆತ್ತಗೆ. ಚಿತ್ರದಲ್ಲಿ ಒಂದು ಹಳ್ಳ, ಒಬ್ಬ ರೈತ, ಒಂದು ಪಂಪು, ಮೇಲೆ ದೊಡ್ಡ ಕೆಂಪು ಗೆರೆ. ಔಷಧದ ಪಂಪನ್ನು ಹಳ್ಳದ ಹತ್ತಿರ ತೊಳೆಯಬಾರದು, ಅದು ಅಪರಾಧ ಅಂತ ತಿಳಿಸಿ ಹೇಳಿದರು. ಅವರ ಹಿಂದಿನ ಕಿಟಕಿಯಲ್ಲಿ ನಮ್ಮ ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಪಂಪು ತೊಳೆಯುವುದು ಚಿತ್ರಕ್ಕಿಂತ ಸ್ಪಷ್ಟವಾಗಿ ಕಾಣುತ್ತಿತ್ತು.

ಕಾಕು ಎದ್ದು ನಿಂತು, "ಸಾಹೇಬ್ರ, ಆ ಚಿತ್ರದಾಗಿನ ಹಳ್ಳ ಬ್ಯಾರೇದ, ನಮ್ಮ ಹಳ್ಳ ಬ್ಯಾರೇದ ಏನ್ರಿ?" ಅಂದರು.

ಸಾಹೇಬರು ಕಿಟಕಿ ಕಡೆ ನೋಡಲಿಲ್ಲ. "ನಮ್ಮದು ಮಿತಿಯೊಳಗಿದೆ ತಾಯಿ."

"ಹಂಗಾರ ನನ್ನ ಎಮ್ಮೀಗೂ ಒಂದಿಷ್ಟ ಹೇಳಿ ಕೊಡ್ರಿ. ಮಿತಿ ನೋಡಿ ಕುಡೀತೈತಿ."

ರೈತರೆಲ್ಲ ನಕ್ಕರು. ಚಹಾ ತಯಾರಾಗಿದೆ ಅಂತ ಹೇಳಿ ಸಾಹೇಬರು ಶಿಬಿರ ಮುಗಿಸಿದರು.

ಎಮ್ಮೆಗೆ ಆಗದ ಕೆಲಸ ಮೇಲಿನಿಂದ ಬಂದ ಒಂದು ಆದೇಶಕ್ಕೆ ಆಯಿತು. ಪ್ರಯೋಗಾಲಯದ ಹೊಲಸು ನೀರನ್ನು ಶುದ್ಧ ಮಾಡದೆ ಹೊರಗೆ ಬಿಟ್ಟರೆ ಪ್ರಯೋಗಾಲಯ ನಡೆಸುವ ಪರವಾನಗಿಯನ್ನು ಮುಂದುವರಿಸುವುದಿಲ್ಲ ಅಂತ ಆದೇಶ. ಬೀಗ ಬೀಳುತ್ತದೆ ಅಂದಾಗ ಹಳ್ಳ ಎಲ್ಲಿದೆ ಅಂತ ಎಲ್ಲರಿಗೂ ನೆನಪಾಯಿತು. ಪರಿಸರಕ್ಕೆ ಒಬ್ಬ ನೋಡಲ್ ಅಧಿಕಾರಿ ಬೇಕಾಯಿತು. ಹುಳಗಳ ಬಗ್ಗೆ ಓದಿದ್ದ ಅಥಣಿ ಕಡೆಯ ತರುಣ ವಿಜ್ಞಾನಿಯೊಬ್ಬರು ಆ ದಿನ ರಜೆಯ ಮೇಲಿದ್ದರು, ಆದ್ದರಿಂದ ಅವರನ್ನೇ ಮಾಡಿದರು. ಅಲ್ಲಿಂದ ಮುಂದೆ ನಾವು ಅವರನ್ನು ನೋಡಲ್ ಸಾಹೇಬರು ಅಂತ ಕರೆದೆವು.

ಶುದ್ಧೀಕರಣದ ಟಾಕಿಗೆ, ಅಂದರೆ ತೊಟ್ಟಿಗೆ, ನಕಾಶೆ ಬಂತು. ಚೌಕದ ಟಾಕಿ, ಒಳಗೆ ಉಸುಕಿನ ಖಾನೆ, ಇದ್ದಿಲಿನ ಖಾನೆ, ಕೊನೆಗೆ ತಿಳಿನೀರಿನ ಖಾನೆ. ಆದರೆ ಗುತ್ತಿಗೆ ಹಿಡಿದವನು ಜನ್ಮದಲ್ಲಿ ಬಾವಿ ಬಿಟ್ಟು ಬೇರೆ ಕಟ್ಟಿದವನಲ್ಲ. ಚೌಕದ ನಕಾಶೆ ಎದುರಿಗೆ ಇಟ್ಟುಕೊಂಡು ದುಂಡಗೆ ಕಟ್ಟಿದ. ಮೇಲೆ ಕೂರಲು ಬರುವಂತೆ ಕಟ್ಟೆಯನ್ನೂ ಏರಿಸಿದ. ಸೋರುತ್ತದೋ ಇಲ್ಲವೋ ನೋಡಲು ನಾನು ಅದಕ್ಕೆ ಬೋರಿನ ನೀರು ತುಂಬಿದೆ. ಮರುದಿನ ಮುಂಜಾನೆ ನೀರು ಒಂದಿಷ್ಟೂ ಇಳಿದಿರಲಿಲ್ಲ. ಕನ್ನಡಿಯಂತೆ ಹೊಳೆಯುತ್ತಿತ್ತು.

ಕೂಲಿಯ ಹೆಣ್ಣುಮಕ್ಕಳ ಗುಂಪಿಗೆ ಹಿರಿಯಳು ಒಬ್ಬಳಿದ್ದಳು, ಎಲ್ಲರೂ ಮಾವಶಿ ಅನ್ನುತ್ತಿದ್ದರು. ಆಕೆ ಇಣುಕಿ ನೋಡಿ ಕೈ ಮುಗಿದಳು. ದುಂಡನೆಯ ಕಟ್ಟೆ, ತುಂಬಿದ ನೀರು, ಮರುದಿನವೇ ಉದ್ಘಾಟನೆ. ನಮ್ಮ ಕಡೆ ಹೊಸ ನೀರು ಕಂಡರೆ ಗಂಗವ್ವನ ಪೂಜೆ ಮಾಡಬೇಕು ಅಂತ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಮರುದಿನ ದೊಡ್ಡ ಸಾಹೇಬರು ರಿಬ್ಬನ್ ಕತ್ತರಿಸಲು ಬರುವ ಹೊತ್ತಿಗೆ ಹೆಣ್ಣುಮಕ್ಕಳು ಹಸಿರು ರವಿಕೆಯ ಖಣ, ಬಳೆ, ಅರಿಶಿನ ಕುಂಕುಮ, ಅಡಿಕೆ, ಉತ್ತತ್ತಿ, ಹೋಳಿಗೆ ಎಲ್ಲ ತಂದು ಕಟ್ಟೆಯ ಮೇಲೆ ಹೂಡಿದ್ದರು. ಮುತ್ತೈದೆಯರ ಸಾಲಿನಲ್ಲಿ ಮೊದಲನೆಯವರಾಗಿ ದೊಡ್ಡ ಸಾಹೇಬರ ಮನೆಯವರನ್ನೇ ಕ್ವಾರ್ಟರ್ಸಿನಿಂದ ಕರೆತಂದಿದ್ದರು. ಆ ತಾಯಿ ತಮ್ಮ ಮಗಳಿಗೆ ವರ ಹುಡುಕಿ ಹುಡುಕಿ ದಣಿದಿದ್ದರು. ಕಣ್ಣು ಮುಚ್ಚಿ, ಬಹಳ ಹೊತ್ತು ಬೇಡಿಕೊಂಡು, ಗಂಗವ್ವನಿಗೆ ಉಡಿ ತುಂಬಿದರು. ಸಾಹೇಬರೂ ಬೂಟು ಕಳಚಿ ಕಾಯಿ ಒಡೆದರು. ಪರಿಸರ ಸಂರಕ್ಷಣೆಯ ಬಗ್ಗೆ ಭಾಷಣ ಮಾಡಿದರು. ಹೋಳಿಗೆ ಚೆನ್ನಾಗಿದ್ದವು.

ಆಮೇಲೆ ನೋಡಲ್ ಸಾಹೇಬರು ನನಗೆ ಸನ್ನೆ ಮಾಡಿದರು. ವಾಲ್ವ್ ತಿರುವಿ ಗಟಾರದ ನೀರನ್ನು ಟಾಕಿಗೆ ಬಿಡಬೇಕು. ನಾನು ಬಗ್ಗಿದೆ.

ಮಾವಶಿ ಅಂದಳು, "ಯಣ್ಣಾ, ಕೈ ತಗಿ. ಈಗರ ಗಂಗವ್ವಗ ಉಡಿ ತುಂಬೇವಿ. ಆಕಿ ತಲಿ ಮ್ಯಾಲ ಔಷಧದ ನೀರ ಸುರವ್ತಿ ಏನು?"

ನಾನು ನೋಡಲ್ ಸಾಹೇಬರ ಮುಖ ನೋಡಿದೆ. ಅವರು ದೊಡ್ಡ ಸಾಹೇಬರ ಮುಖ ನೋಡಿದರು. ದೊಡ್ಡ ಸಾಹೇಬರು ಮನೆಯವರ ಮುಖ ನೋಡಿದರು. ಸರ್ಕಾರಿ ಕಚೇರಿಯಲ್ಲಿ ನೋಟ ಮೇಲೆ ಮೇಲೆ ಹೋಗುತ್ತದೆ, ಆ ದಿನ ಅದು ಅಲ್ಲಿಗೆ ಹೋಗಿ ನಿಂತಿತು.

"ಇವತ್ತು ಬೇಡ ಕಣ್ರೀ," ಅಂದರು ಆ ತಾಯಿ.

ಇವತ್ತು ಬೇಡ ಅಂದದ್ದು ಶ್ರಾವಣ ಮುಗಿಯಲಿ ಅಂತ ಆಯಿತು. ಶ್ರಾವಣದಲ್ಲಿಯೇ ಸಾಹೇಬರ ಮಗಳಿಗೆ ಒಳ್ಳೆಯ ಸಂಬಂಧ ಬಂತು. ಗಂಡಿನವರು ಒಪ್ಪಿ ಹೋದರು. ಇಷ್ಟು ವರ್ಷ ಕೂಡಿಬರದ್ದು ಟಾಕಿಗೆ ಉಡಿ ತುಂಬಿದ ಮೇಲೆ ಕೂಡಿಬಂತು. ಇನ್ನು ವಾಲ್ವ್ ಯಾರು ಮುಟ್ಟುತ್ತಾರೆ? ಸಾಹೇಬರು ದಿನಾ ಮುಂಜಾನೆ ಕಚೇರಿಗೆ ಹೋಗುವ ಮೊದಲು ಟಾಕಿಗೆ ಬಂದು ಕೈ ಮುಗಿಯತೊಡಗಿದರು. ಸುತ್ತ ಗ್ರಿಲ್ ಬಂತು. ತ್ಯಾಜ್ಯ ನೀರು ಶುದ್ಧೀಕರಣ ಘಟಕ ಅನ್ನುವ ಫಲಕದ ಕೆಳಗೆ ಇನ್ನೊಂದು ಫಲಕ ಬಂತು: ಪಾದರಕ್ಷೆಗಳನ್ನು ಹೊರಗೆ ಬಿಡಿ. ಗಂಗವ್ವ ಬತ್ತಬಾರದು ಅಂತ ದಿನಾ ಬೋರಿನ ನೀರನ್ನು ಕಂಠದವರೆಗೆ ತುಂಬುವ ಕೆಲಸ ನನಗೆ. ಹೊಲಸು ನೀರು ಹಳೆಯ ಗಟಾರ ಹಿಡಿದು, ಹಳೆಯ ತೂತಿನಿಂದ, ಕಾಕುನ ಹಳ್ಳಕ್ಕೆ ಹೋಗುತ್ತಿತ್ತು.

ನೋಡಲ್ ಸಾಹೇಬರು ಪಾಪ, ಒಂದೆರಡು ಸಲ ಮಾತು ತೆಗೆದರು. ಮದುವೆ ಆಗಲಿ ನೋಡೋಣ ಅಂತ ಉತ್ತರ ಬಂತು.

ಕಾಕು ಗೇಟಿಗೆ ಬಂದಾಗ ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ನಗಲಿಲ್ಲ, ಬೈಯಲೂ ಇಲ್ಲ. ಟಾಕಿಯ ನೀರು ಸಿಹಿಯೋ ಸವಳೋ ಅಂತ ಕೇಳಿದರು. ಸಿಹಿ ಅಂದೆ. ಹೂಂ ಅಂತ ಹೋದರು.

ಆಮೇಲೆ ತಪಾಸಣೆ ಬಂತು. ಪರಿಸರ ಇಲಾಖೆಯ ಅಧಿಕಾರಿಯೊಬ್ಬರು ಜೀಪಿನಲ್ಲಿ ಬಂದು ಇಳಿದರು. ಅವತ್ತು ಪಂಪು ತೊಳೆಯಬಾರದು ಅಂತ ಮೊದಲೇ ಅಪ್ಪಣೆ ಆಗಿತ್ತು. ಗೋಡೆಯ ತೂತಿನ ಮುಂದೆ ಹೂಕುಂಡ ಇಡಿಸಿದ್ದರು. ಅಧಿಕಾರಿ ಫಲಕ ಓದಿ, ಬೂಟು ಕಳಚಿ, ಗ್ರಿಲ್ಲಿನ ಒಳಗೆ ಹೋಗಿ ಟಾಕಿಯ ನೀರಿಗೆ ಒಂದು ಸಣ್ಣ ಯಂತ್ರ ಅದ್ದಿದರು. ನೋಡಿದರು. ಒರೆಸಿ ಮತ್ತೆ ಅದ್ದಿದರು. ಇಷ್ಟು ಸ್ವಚ್ಛ ನೀರನ್ನು ಯಾವ ಘಟಕದಲ್ಲಿಯೂ ಕಂಡಿಲ್ಲ ಅಂದರು. ದೊಡ್ಡ ಸಾಹೇಬರು ವಿನಯದಿಂದ ನೆಲ ನೋಡಿದರು. ನೋಡಲ್ ಸಾಹೇಬರೂ ನೆಲ ನೋಡಿದರು, ಆದರೆ ಬೇರೆ ಕಾರಣಕ್ಕೆ.

ಅಧಿಕಾರಿ ಹಳ್ಳದ ಕಡೆಗೂ ಹೋಗೋಣ ಅಂದರು. ಆದರೆ ದಾರಿಯಲ್ಲಿ ಜಾಲಿಯ ಮುಳ್ಳು, ಅವರ ಬೂಟು ಗ್ರಿಲ್ಲಿನ ಆಚೆ ಬದಿಗೆ. ಅಷ್ಟಕ್ಕೇ ಬಿಟ್ಟರು. ಶುದ್ಧ ಮಾಡಿದ ನೀರನ್ನು ಸುಮ್ಮನೆ ಬಿಡುವಂತಿಲ್ಲ, ಮತ್ತೆ ಬಳಸಬೇಕು, ಹಾಗಂತ ನಿಯಮ ಇದೆ, ನೀವು ಎಲ್ಲಿ ಬಳಸುತ್ತೀರಿ ಅಂತ ಕೇಳಿದರು. ಹೊಗಳಿಕೆಯಿಂದ ಉಬ್ಬಿದ್ದ ದೊಡ್ಡ ಸಾಹೇಬರು ಕಂಪೌಂಡಿನ ಆಚೆ ಕೈ ತೋರಿಸಿ, ಪಕ್ಕದ ರೈತರಿಗೆ ಕೊಡುತ್ತೇವೆ ಅಂದುಬಿಟ್ಟರು.

ಅವರು ಕೈ ತೋರಿಸಿದ ಕಡೆ ಬೇಲಿಯ ಹತ್ತಿರ ಕಾಕು ಎಮ್ಮೆಯ ಹಗ್ಗ ಹಿಡಿದು ನಿಂತಿದ್ದರು.

ಅಧಿಕಾರಿ ಅಲ್ಲಿಂದಲೇ ಕೂಗಿ ಹೌದೇನಮ್ಮಾ ಅಂತ ಕೇಳಿದರು. ಈಗ ಕಾಕು ಎಲ್ಲ ಬಿಚ್ಚುತ್ತಾರೆ, ಪ್ರಯೋಗಾಲಯಕ್ಕೆ ಬೀಗ ಬೀಳುತ್ತದೆ ಅಂದುಕೊಂಡೆ. ಕಾಕು ನಮ್ಮ ದೊಡ್ಡ ಸಾಹೇಬರನ್ನು ಒಮ್ಮೆ ನೋಡಿದರು, ಎಮ್ಮೆಯನ್ನು ಒಮ್ಮೆ ನೋಡಿದರು.

"ಹೌದ್ರಿ, ಕೊಡ್ತೀವಿ ಅಂದಾರ್ರಿ. ಪೈಪ್ ಒಂದ ಹಾಕೂದು ಬಾಕಿ ಐತಿ ನೋಡ್ರಿ."

ಒಂದು ವಾರದೊಳಗೆ ಪೈಪ್ ಹಾಕಿ ಫೋಟೋ ಕಳಿಸಿ ಅಂತ ಹೇಳಿ ಅಧಿಕಾರಿ ಬೂಟು ಹಾಕಿಕೊಂಡರು. ಪೈಪ್ ಬಂತು. ನಾನು ಬೋರಿನಿಂದ ಟಾಕಿಗೆ ತುಂಬುವುದು, ಟಾಕಿಯಿಂದ ಕಾಕುನ ಎಮ್ಮೆ ನೀರು ಕುಡಿಯುವ ಕಲ್ಲಿನ ದೋಣಿಗೆ ಬಿಡುವುದು. ಎಮ್ಮೆ ಮೂತಿ ಮುಳುಗಿಸಿ ಕುಡಿಯಿತು. ಕೆಲವು ದಿನದಲ್ಲಿ ಹಾಲಿನ ವಾಸನೆ ಹೋಗಿ ಸಂಘದವರು ಕ್ಯಾನು ತೆಗೆದುಕೊಂಡರು. ನಮ್ಮ ಕೇಂದ್ರಕ್ಕೆ ಮಾದರಿ ಘಟಕ ಅಂತ ಪ್ರಶಸ್ತಿ ಪತ್ರ ಬಂತು. ಅದಕ್ಕೂ ಯಾರೋ ಕುಂಕುಮ ಹಚ್ಚಿದರು. ಬೇರೆ ಬೇರೆ ಕಚೇರಿಯವರು ನೋಡಿ ಕಲಿಯಲು ಬಂದರು. ಅವರಿಗೆ ಚಪ್ಪಲಿ ಬಿಡುವುದನ್ನು ಕಲಿಸಿ ಕಳಿಸಿದೆವು.

ಇಷ್ಟಕ್ಕೆ ಮುಗಿಯಿತು ಅಂತ ನಾನೂ ತಿಳಿದಿದ್ದೆ. ಒಂದು ದಿನ ಪೈಪಿನ ಜೋಡಣೆ ನೋಡಲು ಹೋದಾಗ ಕಾಕು ಬಾವಿಯ ಕಟ್ಟೆಯ ಮೇಲೆ ಕೂತು ನೀರು ಸೋಸುತ್ತಿದ್ದರು. ವಾಸನೆಯ ನೀರನ್ನು ಯಾಕೆ ಸೋಸುತ್ತೀರಿ, ಈಗ ಪೈಪಿನ ನೀರಿದೆಯಲ್ಲ ಅಂದೆ. ಅವರು ಒದ್ದೆ ಅರಿವೆಯನ್ನು ನನ್ನ ಮುಂದೆ ಹಿಡಿದರು. ಬಿಳಿ ಅರಿವೆ, ಅದರ ಮೇಲೆ ಏನೂ ಇರಲಿಲ್ಲ.

"ಎಮ್ಮೀದ ಆತು ತಮ್ಮಾ. ಬಾವೀದ ಏನ ಮಾಡೂದು? ಮೊದಲ ಸೋಸಿದ್ರ ಇದರಾಗ ಮಿಜಿಮಿಜಿ ಅಂತಿದ್ದುವು. ತಿರುಗಿ ಬಿಡ್ತಿದ್ದೆ. ಈಗ ಬಿಡಾಕ ಏನೂ ಉಳದಿಲ್ಲ. ನಮ್ಮತ್ತಿ ಸಾಯೂ ಮುಂದ ಈ ಅರಿವಿ ನನ್ನ ಕೈಯಾಗ ಕೊಟ್ಟ ಹೋಗ್ಯಾಳ. ನಾ ನಮ್ಮ ಸೊಸಿಗೆ ಏನಂತ ಕೊಡ್ಲಿ?"

ಮಾವಶಿಗೆ ಹೇಳಿ ನೋಡಿದರೂ ಪ್ರಯೋಜನ ಇಲ್ಲ, ಉಡಿ ತುಂಬಿದ ಟಾಕಿಗೆ ಹೊಲಸು ನೀರು ಹರಿಸಲು ಆಕೆ ಬಿಡುವುದಿಲ್ಲ ಅಂತ ಅಂದೆ. ಕಾಕು ಅರಿವೆ ಹಿಂಡಿದರು. "ಉಡಿ ತುಂಬಿದ್ದಕ್ಕ ಬಿಡಾಂಗಿಲ್ಲ ಹೌದಲ್ಲೋ? ನನ್ನ ಹಳ್ಳಕ್ಕ ಯಾರ ಉಡಿ ತುಂಬ್ಯಾರ?" ಅಂದರು.

ಮುಂದಿನ ಅಮಾವಾಸ್ಯೆಗೆ ಕಾಕು ಹೋಳಿಗೆ ಮಾಡಿಸಿ, ಮಾವಶಿಗೂ ಗುಂಪಿನ ಎಲ್ಲರಿಗೂ ಖಣ ಕೊಟ್ಟು ಕರೆದರು. ದೊಡ್ಡ ಸಾಹೇಬರ ಮನೆಯವರಿಗೆ ತಾವೇ ಕ್ವಾರ್ಟರ್ಸಿಗೆ ಹೋಗಿ ಹೇಳಿ ಬಂದರು. ಮಗಳ ಮದುವೆ ಹತ್ತಿರ ಬಂದಿತ್ತು, ಗಂಗವ್ವನ ಪೂಜೆ ಅಂದರೆ ಆ ತಾಯಿ ಬೆಳ್ಳಿಯ ತಟ್ಟೆ ಹಿಡಿದುಕೊಂಡೇ ಬಂದರು. ಹಳ್ಳಕ್ಕೆ ಉಡಿ ತುಂಬಲು ಕಾಕು ಆರಿಸಿದ ಜಾಗ ನಮ್ಮ ಗೋಡೆಯ ತೂತಿನ ಸರಿಯಾಗಿ ಕೆಳಗೆ. ನೀವು ಜೈನರಲ್ಲವೇ, ಬಸದಿಯಲ್ಲಿ ಏನಾದರೂ ಅಂದಾರು ಅಂತ ನಾನು ಮೆಲ್ಲಗೆ ಕೇಳಿದೆ.

"ಪಂಡಿತರು ಬೈತಾರ. ಬೈಲಿ. ಅವರ ಬಾವ್ಯಾಗ ಹುಳ ಅದಾವ."

ಪೂಜೆಯ ಮರುದಿನ ಪ್ರಯೋಗದ ಕಬ್ಬಿಗೆ ಔಷಧ ಹೊಡೆದು ಬಂದ ಪಂಪುಗಳು ತೊಳೆಯುವ ಕಟ್ಟೆಯ ಮೇಲೆ ಹಾಗೇ ಕೂತವು. ಯಾರೂ ಮುಟ್ಟಲಿಲ್ಲ. ಅದರ ಮರುದಿನವೂ ಇಲ್ಲ. ಪಂಪು ತೊಳೆಯದಿದ್ದರೆ ಇನ್ನೊಂದು ಔಷಧ ತುಂಬುವಂತಿಲ್ಲ, ಔಷಧ ತುಂಬದಿದ್ದರೆ ಪ್ರಯೋಗ ಇಲ್ಲ. ನೋಡಲ್ ಸಾಹೇಬರು ಕಟ್ಟೆಗೆ ಬಂದರು.

"ಮಾವಶಿ, ಇಷ್ಟ ವರ್ಷ ಇದ ಹಳ್ಳಕ್ಕ ತೊಳದ ಬಿಟ್ರೆಲ್ಲ, ಈಗೇನಾತು?"

"ಆವಾಗ ಆಕಿ ಬರೇ ಹಳ್ಳ ಇದ್ಲರಿ."

ಮಾತು ದೊಡ್ಡ ಸಾಹೇಬರವರೆಗೆ ಹೋಯಿತು. ಅವರು ಗದರಿಸಿ ನೋಡಬಹುದಿತ್ತು, ಆದರೆ ಅಲ್ಲಿ ಮೊದಲ ಕುಂಕುಮ ಇಟ್ಟದ್ದು ಅವರ ಮನೆಯವರೇ. ಟಾಕಿಗೆ ಬಿಡುವಂತಿಲ್ಲ, ಹಳ್ಳಕ್ಕೆ ಬಿಡುವಂತಿಲ್ಲ. ಕಾನೂನು ಎಷ್ಟೋ ವರ್ಷದಿಂದ ಹೇಳುತ್ತಿದ್ದದ್ದೂ ಅದನ್ನೇ, ಆದರೆ ಕಾನೂನಿಗೆ ಯಾರೂ ಖಣ ತಂದಿರಲಿಲ್ಲ.

ಕೊನೆಗೆ ಸ್ಟೋರಿನ ಹಿಂದೆ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ, ಎರಡನೆಯ ಟಾಕಿ ಕಟ್ಟಿಸಿದರು. ಈ ಸಲ ನೋಡಲ್ ಸಾಹೇಬರು ಗೋಡೆ ಕಟ್ಟುವ ಗೌಂಡಿಯ ತಲೆಯ ಮೇಲೆ ಕೂತು ಚೌಕವಾಗಿಯೇ ಕಟ್ಟಿಸಿದರು. ಸೋರುತ್ತದೋ ನೋಡಲು ನೀರು ತುಂಬುತ್ತೇನೆ ಅಂದರೆ ನನ್ನ ಮೇಲೆ ಹರಿಹಾಯ್ದರು. ಒಳ್ಳೆಯ ನೀರಿನ ಒಂದು ಹನಿಯೂ ಇದರಲ್ಲಿ ಬೀಳಬಾರದು ಅಂತ ತಾಕೀತು. ಉದ್ಘಾಟನೆ ಇಲ್ಲ, ರಿಬ್ಬನ್ ಇಲ್ಲ. ಕೂಲಿಗೆ ಬರುವವರ ಚೀಲ ನೋಡಿ, ತೆಂಗಿನಕಾಯಿ ಇದ್ದರೆ ಗೇಟಿನಲ್ಲಿಯೇ ಇಟ್ಟುಕೊಳ್ಳಬೇಕು ಅಂತ ವಾಚಮನ್‌ಗೆ ಆದೇಶ. ನಮ್ಮ ಕೇಂದ್ರದಲ್ಲಿ ಇಷ್ಟು ಕಟ್ಟುನಿಟ್ಟಿನ ತಪಾಸಣೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಕಟ್ಟಡ ಒಣಗಿತು ಅನ್ನುವಷ್ಟರಲ್ಲಿ ನನ್ನ ಕೈ ಹಿಡಿದು ವಾಲ್ವ್ ತಿರುವಿಸಿದರು. ಹೊಲಸು ನೀರು ನೊರೆ ಕಟ್ಟಿಕೊಂಡು ಒಳಗೆ ಬಿದ್ದಾಗ ಆ ಮನುಷ್ಯ ಹಣೆಯ ಬೆವರು ಒರೆಸಿಕೊಂಡು ನಕ್ಕದ್ದು ನನಗೆ ಇನ್ನೂ ಕಣ್ಣ ಮುಂದಿದೆ. ಅವತ್ತೇ ಗೋಡೆಯ ತೂತಿಗೆ ಇಟ್ಟಂಗಿ ಬಿದ್ದು ಅದು ಮುಚ್ಚಿತು.

ಈಗಲೂ ಹೀಗೇ ನಡೆದಿದೆ. ಕೆಲಸ ಮಾಡುವ ಟಾಕಿಗೆ ಫಲಕ ಇಲ್ಲ, ಪರವಾನಗಿ ಇಲ್ಲ. ಕಾನೂನಿನ ಕಣ್ಣಿಗೆ ಅದು ಇಲ್ಲವೇ ಇಲ್ಲ. ಕಾನೂನಿಗೆ ಗೊತ್ತಿರುವುದು ಹಸಿರು ಖಣ ಉಟ್ಟ ಟಾಕಿ ಮಾತ್ರ. ತಪಾಸಣೆಗೆ ಬಂದವರು ಬೂಟು ಕಳಚಿ, ಯಂತ್ರ ಅದ್ದಿ, ತಲೆದೂಗಿ ಹೋಗುತ್ತಾರೆ. ದೊಡ್ಡ ಸಾಹೇಬರು ಬಡ್ತಿ ಸಿಕ್ಕು ತಮ್ಮ ಊರ ಕಡೆ ಹೋದರು. ಹೋಗುವಾಗ ಒಂದು ಬಾಟಲಿ ಟಾಕಿಯ ನೀರು ತೆಗೆದುಕೊಂಡು ಹೋದರು.

ಹೋದ ಸಲದ ಮಳೆಗಾಲ ಮುಗಿದ ಮೇಲೆ ಕಾಕು ನನ್ನನ್ನು ಬಾವಿಗೆ ಕರೆಸಿದರು. ಸೊಸೆ ನೀರು ಸೇದಿ ಹಾಕುತ್ತಿದ್ದಳು, ಇವರು ಸೋಸುತ್ತಿದ್ದರು. ಅರಿವೆಯನ್ನು ಬಿಸಿಲಿಗೆ ಹಿಡಿದು ನನ್ನನ್ನು ಹತ್ತಿರ ಕರೆದರು. ನನ್ನ ಕಣ್ಣಿಗೆ ಮೊದಲು ಏನೂ ಕಾಣಲಿಲ್ಲ. ಆಮೇಲೆ ಕಂಡಿತು. ಸಾಸಿವೆಗಿಂತ ಸಣ್ಣದು, ಒಂದಲ್ಲ, ಹಲವು, ಮಿಸುಕಾಡುತ್ತಿದ್ದವು. ಕಾಕು ಅರಿವೆಯನ್ನು ತಾವು ತಿರುವಲಿಲ್ಲ, ಸೊಸೆಯ ಕೈಗೆ ಕೊಟ್ಟರು. ಆಕೆ ಬಗ್ಗಿ, ಮೇಲೆ ಒಂದು ತಂಬಿಗೆ ನೀರು ಹಾಕಿ, ಬಾವಿಗೆ ಬಿಟ್ಟಳು.

ನನಗೆ ಖುಷಿ ತಡೆಯಲಿಲ್ಲ, ಈಗಲೇ ಹೋಗಿ ನೋಡಲ್ ಸಾಹೇಬರಿಗೆ ಹೇಳುತ್ತೇನೆ ಅಂದೆ.

"ಬ್ಯಾಡೋ ತಮ್ಮಾ," ಅಂದರು ಕಾಕು. "ಅವರು ಹುಳದ ಸಾಹೇಬ್ರು. ಕೇಳಿದ್ರ ಔಷಧ ಹಿಡಕೊಂಡ ಬರ್ತಾರ."

ಅದಕ್ಕೇ ಅವರಿಗೆ ಹೇಳದೆ ನಿಮಗೆ ಹೇಳಿದ್ದೇನೆ. ನಿಮ್ಮ ಕಚೇರಿಯಲ್ಲಿ, ನಿಮ್ಮ ಊರ ಕಾರ್ಖಾನೆಯಲ್ಲಿ ಇಂಥ ಟಾಕಿ ಇದ್ದೇ ಇರುತ್ತದೆ. ಬೂಟು ಬಿಟ್ಟು ನೋಡುವಂಥದು ಒಂದು, ಹಿಂದೆ ಸದ್ದಿಲ್ಲದೆ ಕೆಲಸ ಮಾಡುವುದು ಇನ್ನೊಂದು. ಹಿಂದಿನದು ಇರದಿದ್ದರೆ ನಿಮ್ಮ ಹಳ್ಳಕ್ಕೆ ಏನು ಹೋಗುತ್ತಿದೆ ಅಂತ ನೋಡಿಕೊಂಡು ಬನ್ನಿ. ನೋಡಿದ್ದನ್ನು ನಿಮಗೆ ಬಂದ ಕನ್ನಡದಲ್ಲಿ ಬರೆಯಿರಿ. ನಿಧಾನಕ್ಕೆ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ.